ಇಳಿದ ತಂತಿಯ ಉಳಿದ ಮಾತು

ಚುಂಗ್ ಗುವಾಂಗ್‌ಯಾವೋ ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ಲೋಟದ ಚಹಾ ಆರಿರುತ್ತದೆ ಎಂದು ಶಿನ್‌ಚು ಎಂಬ ಊರಿನ ಆ ಚಿಪ್ ಕಂಪನಿಯಲ್ಲಿ ಎಲ್ಲರೂ ನಗುತ್ತಿದ್ದರು. ಅವರಿಗೆ ತೊದಲೇನೂ ಇರಲಿಲ್ಲ. ಅರ್ಧ ಮಾತಾಡಿ ಸುಮ್ಮನಾಗುವರು, ಉಳಿದರ್ಧವನ್ನು ಒಳಗೇ ತೂಗಿ ನೋಡುವರು, ಸರಿಯೆನಿಸಿದ ಮೇಲೆ ಹೊರಗೆ ಬಿಡುವರು. ಹೊಸದಾಗಿ ಸೇರಿದವರು ಮಾತು ಮುಗಿಯಿತೆಂದುಕೊಂಡು ಎದ್ದು ಬಾಗಿಲ ತನಕ ಹೋಗಿರುತ್ತಿದ್ದರು. ಆಗ ಬೆನ್ನ ಹಿಂದಿನಿಂದ ಉಳಿದರ್ಧ ಬರುತ್ತಿತ್ತು. ಅವರ ಮಾತಿಗೆ ಕಾಯುವುದು ಗೊತ್ತಿದ್ದದ್ದು ಪೆಂಗ್ ರುಯ್‌ಜು ಒಬ್ಬಳಿಗೆ. ಹಾಗೆಂದು ಎಲ್ಲರೂ ಹೇಳುತ್ತಿದ್ದರು, ಅವಳೂ ನಂಬಿದ್ದಳು.

ಇಪ್ಪತ್ಮೂರು ವರ್ಷಕ್ಕೆ ಕೆಲಸಕ್ಕೆ ಸೇರಿದವಳು ಅವಳು. ಸರ್ಕ್ಯೂಟಿನ ಅಲೆ ನೋಡುವ ಯಂತ್ರದ ಮುಂದೆ ಅವಳನ್ನು ಕೂರಿಸಿ, ಯಾವ ಗೆರೆ ಸತ್ಯ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ಕಲಿಸಿದವರು ಚುಂಗ್. ಮಧ್ಯಾಹ್ನ ಅಕ್ಕಿ ಶಾವಿಗೆಯ ಡಬ್ಬಿ ಬಿಚ್ಚಿದರೆ ಮಾಂಸದುಂಡೆಯಲ್ಲಿ ಒಂದನ್ನು ಕೇಳದೆಯೇ ಅವಳ ಡಬ್ಬಿಗೆ ಹಾಕುವರು. ಅವಳು ಅವರನ್ನು ‘ಚುಂಗಣ್ಣ’ ಎನ್ನುತ್ತಿದ್ದಳು. ಅವರು ಅವಳನ್ನು ಮನೆಯ ಮಕ್ಕಳನ್ನು ಕರೆಯುವಂತೆ ‘ಆಜು’ ಎನ್ನುತ್ತಿದ್ದರು.

ಹತ್ತು ವರ್ಷದಲ್ಲಿ ಅವಳೂ ದೊಡ್ಡ ಕೆಲಸದವಳಾದಳು. ಎಂಟು ಕೇಬಲ್ಲು ಸಿಕ್ಕಿಸಲು ಎಂಟು ಬಾಗಿಲಿರುವ ನೆಟ್‌ವರ್ಕ್ ಸ್ವಿಚ್ಚೊಂದನ್ನು ಮಾಡಲು ಹೊರಟಾಗ ಕೆಲಸ ಎರಡು ಪಾಲಾಯಿತು. ಕೇಬಲ್ಲಿಗೆ ಕಿವಿಗೊಟ್ಟು ಕೂರುವ ಚಿಪ್ಪು ಚುಂಗ್ ಅವರದು. ಆ ಚಿಪ್ಪು ಹೇಳಿದ್ದನ್ನು ಕೇಳಿ, ಸರಿಯಿದೆಯೇ ಎಂದು ತಾಳೆ ನೋಡಿ, ಮುಂದೆ ಕಳಿಸುವ ನಿಯಂತ್ರಕ ಚಿಪ್ಪು ರುಯ್‌ಜುವಿನದು. ಹಳೆಯ ಪದ್ಧತಿಯಲ್ಲಿ ಇವೆರಡರ ನಡುವೆ ಒಂದು ಬಾಗಿಲಿಗೆ ಹದಿನಾರು ತಂತಿ ಬೇಕು, ಅಂದರೆ ಚಿಪ್ಪಿಗೆ ಹದಿನಾರು ಕಾಲು. ಎಂಟು ಬಾಗಿಲಿಗೆ ನೂರಿಪ್ಪತ್ತೆಂಟು. ಅಷ್ಟು ಕಾಲಿಟ್ಟರೆ ಅದು ಚಿಪ್ಪಲ್ಲ, ಜರಿಹುಳು. ಅದಕ್ಕೇ ಊರೂರಿನ ಕಂಪನಿಗಳು ಸೇರಿ ಒಂದು ಒಪ್ಪಂದ ಬರೆದುಕೊಂಡಿದ್ದವು: ಕಾಲುಗಳನ್ನು ಅರ್ಧಕ್ಕೆ ಇಳಿಸೋಣ, ಚಿಪ್ಪಿಗೆ ತಾಳ ಹಾಕುವ ಗಡಿಯಾರವನ್ನು ಎರಡು ಪಟ್ಟು ಓಡಿಸೋಣ.

ಕಾಲು ಕಡಿಮೆ ಮಾಡಿದರೆ ಕೆಲಸ ಕಡಿಮೆಯಾದೀತೇ? ಉಳಿದವರ ಹೆಗಲಿಗೆ ಬೀಳುತ್ತದೆ, ಅಷ್ಟೇ. ನಮ್ಮ ಆಫೀಸುಗಳಲ್ಲಿ ಆಗುವ ಹಾಗೆಯೇ. ಮೊದಲು ಒಂದು ತಂತಿ ‘ಆ ಕಡೆ ಯಾರೋ ಮಾತಾಡುತ್ತಿದ್ದಾರೆ’ ಎನ್ನುತ್ತಿತ್ತು. ಇನ್ನೊಂದು ‘ನಾನೀಗ ಕೊಡುತ್ತಿರುವುದು ಮಾತೇ, ತಗೋ’ ಎನ್ನುತ್ತಿತ್ತು. ಹೊಸ ಪದ್ಧತಿಯಲ್ಲಿ ಈ ಎರಡನ್ನೂ ಒಂದೇ ತಂತಿ ಹೇಳಬೇಕಾಗಿ ಬಂತು. ಈ ಕತೆಯ ದುಃಖವೆಲ್ಲ ಆ ಒಂದು ತಂತಿಯದು.

ಎರಡು ಸಾವಿರದ ಒಂದನೇ ಇಸವಿಯ ವಸಂತದಲ್ಲಿ ದೂರು ಬಂತು. ಗಿರಾಕಿಯ ಆಫೀಸೊಂದರಲ್ಲಿ ಕಳಿಸಿದ ಕಡತಗಳು ಬಾಲ ಕತ್ತರಿಸಿಕೊಂಡು ಬರುತ್ತಿವೆ. ಎಲ್ಲ ಕಂಪ್ಯೂಟರಿನಿಂದ ಅಲ್ಲ, ಕೆಲವು ಕಂಪ್ಯೂಟರಿನಿಂದ ಮಾತ್ರ. ಕಡತವೆಂದರೆ ಅಂಕಿಗಳ ಸಾಲು, ಆ ಸಾಲಿನ ಕೊನೆಯ ನಾಲ್ಕಾರು ಅಂಕಿ ಮಾಯ. ತಾಳೆ ಬೀಳದ್ದರಿಂದ ಇಡೀ ಸಾಲು ಕಸದ ಬುಟ್ಟಿಗೆ. ಮ್ಯಾನೇಜರ್ ಕುವೋ ಎಲ್ಲರನ್ನೂ ಕೂರಿಸಿದ. ಅಲೆಯ ಚಿತ್ರವನ್ನು ಗೋಡೆಯ ಮೇಲೆ ಬೆಳಗಿಸಿದರು. ಆ ಜೋಡಿ ಕೆಲಸದ ತಂತಿ ಸಾಲಿನ ಕೊನೆಯಲ್ಲಿ ಇಳಿದು, ಎದ್ದು, ಇಳಿದು, ಎದ್ದು, ಆಮೇಲೆ ಪೂರಾ ಮಲಗಿತ್ತು.

“ಇದೇನ್ರೀ ಇದು, ಚಳಿ ಜ್ವರ ಬಂದವರ ಥರ ನಡುಗ್ತಾ ಇದೆ?” ಎಂದ ಕುವೋ. “ಇಳಿದ ಮೇಲೆ ಮತ್ತೆ ಯಾಕೆ ಏಳ್ಬೇಕು? ಚುಂಗ್, ಇದು ನಿಮ್ಮ ಚಿಪ್ಪಿನ ಕಡೆಯಿಂದ ತಾನೇ ಬರ್ತಿರೋದು?”

“ಹೌದು. ತಂತಿ ಇಳಿದಾಗ...” ಎಂದು ಚುಂಗ್ ಸುಮ್ಮನಾದರು.

ಹನ್ನೆರಡು ಜನ ಅವರ ಬಾಯಿಯನ್ನೇ ನೋಡುತ್ತಿದ್ದರು. ಯಾರೋ ಮೂಲೆಯಲ್ಲಿ ಚಹಾದ ಲೋಟ ಎತ್ತಿ ತೋರಿಸಿ ಪಕ್ಕದವನಿಗೆ ಕಣ್ಣು ಹೊಡೆದರು. ನಿಯಂತ್ರಕವು ರುಯ್‌ಜುವಿನ ಹೆಸರಿನಲ್ಲಿ ಹೊರಬಂದ ಮೊದಲ ಚಿಪ್ಪು. ತಪ್ಪು ಅವಳ ಕಡೆ ಬಂದರೆ ಎರಡನೆಯದು ಇರುತ್ತಿರಲಿಲ್ಲ. ಅವಳು ನಾಲ್ಕು ಉಸಿರು ಕಾದಳು, ಐದನೆಯದಕ್ಕೆ ಕಾಯಲಿಲ್ಲ.

“ಇಳಿದ ಮೇಲೆ ಮಾತು ಮುಗೀತು ಅಂತ ತಾನೇ ಅರ್ಥ,” ಎಂದಳು. “ನನ್ನ ನಿಯಂತ್ರಕ ಇಳಿದ ಕೂಡ್ಲೆ ನಿಲ್ಲಿಸುತ್ತೆ. ನನ್ನ ಕಡೆ ಸರಿಯಾಗಿದೆ.”

“ಆಯ್ತಲ್ಲ ಮತ್ತೆ,” ಎಂದು ಕುವೋ ಕಾಗದ ಮಡಚಿದ.

ಚುಂಗ್ ಅವಳತ್ತ ಒಮ್ಮೆ ನೋಡಿದರು. ಸಿಟ್ಟಿನ ನೋಟವಲ್ಲ ಅದು. ರಸ್ತೆ ದಾಟುವಾಗ ಕೈಬಿಟ್ಟ ಮಗುವನ್ನು ತಿರುಗಿ ನೋಡುವ ಹಾಗಿತ್ತು. ಬೋರ್ಡಿನ ಮೇಲೆ ಏನೋ ಬರೆಯಲೆಂದು ತೆಗೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಕೂತರು. ಉಳಿದರ್ಧ ಬರಲೇ ಇಲ್ಲ.

ಗಿರಾಕಿಗೆ ಹೋದ ವರದಿಯಲ್ಲಿ ತಪ್ಪು ಚುಂಗ್ ಅವರ ಚಿಪ್ಪಿನದೆಂದು ಬರೆಯಲಾಯಿತು. ರುಯ್‌ಜು ಅದಕ್ಕೆ ಸಹಿ ಹಾಕಿದಳು. ಅವರ ಚಿಪ್ಪನ್ನು ಬೇರೆಯವರು ತಿದ್ದಿ, ಸಾಲು ಪೂರಾ ಮುಗಿಯುವ ತನಕ ತಂತಿ ಅಲುಗದೆ ಎದ್ದೇ ಇರುವಂತೆ ಮಾಡಿದರು. ದೂರು ನಿಂತಿತು. ನೋಡಿದಿರಾ, ಮುದುಕನದೇ ತಪ್ಪು ಎಂದು ಎಲ್ಲರಿಗೂ ಖಾತ್ರಿಯಾಯಿತು. ಮುದುಕ ಎಂದರೆ ಐವತ್ತೊಂದು ವರ್ಷ. ಆ ಕೈಗಾರಿಕಾ ಬಡಾವಣೆಯಲ್ಲಿ ನಲವತ್ತು ದಾಟಿದವರೆಲ್ಲ ಮುದುಕರೇ. ಚುಂಗ್ ಅವರಿಗೆ ಬೈಗುಳವಿಲ್ಲ, ಶಿಕ್ಷೆಯಿಲ್ಲ. ಸಭೆಗೆ ಕರೆಯುವುದನ್ನು ಬಿಟ್ಟರು, ಅಷ್ಟೇ. ಜೂನ್ ತಿಂಗಳಲ್ಲಿ ಅವರೇ ರಾಜೀನಾಮೆ ಬರೆದುಕೊಟ್ಟರು.

ಹೋಗುವ ದಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಲೋಟ, ಚಪ್ಪಲಿ, ಎರಡು ಪುಸ್ತಕ ತುಂಬಿಕೊಂಡು ಅವರು ಪರೀಕ್ಷಾ ಕೋಣೆಗೆ ಬಂದರು. ಅಲ್ಲಿನ ಯಂತ್ರಗಳ ಮೇಲೆಲ್ಲ ಹಸಿರು ಪೊಟ್ಟಣದ ಜೋಳದ ಕುರುಕಲು ಇಟ್ಟಿರುತ್ತಾರೆ. ಹಸಿರು ಪೊಟ್ಟಣ ಇದ್ದರೆ ಯಂತ್ರ ಹೇಳಿದ ಮಾತು ಕೇಳಿಕೊಂಡು ಇರುತ್ತದೆ. ಪೊಟ್ಟಣದ ತಾರೀಖು ಮುಗಿದರೆ ಮೊಂಡು ಹಿಡಿಯುತ್ತದೆ. ಪಿಎಚ್‌ಡಿ ಮಾಡಿದವರೂ ಇದನ್ನು ತಮಾಷೆ ಎನ್ನುತ್ತಲೇ ತಪ್ಪದೆ ಪಾಲಿಸುತ್ತಾರೆ. ಅವಳ ಯಂತ್ರದ ಮೇಲಿನ ಹಳೆಯ ಪೊಟ್ಟಣ ತೆಗೆದು ಚುಂಗ್ ಹೊಸದನ್ನು ಇಟ್ಟರು.

“ತಾರೀಖು ನೋಡ್ಕೋ ಆಜು. ಮರೀತೀಯ ನೀನು.”

“ಇಲ್ಲ ಚುಂಗಣ್ಣ, ನೋಡ್ಕೋತೀನಿ.”

ಅವರು ಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ಅವಳು ಯಂತ್ರದ ಪರದೆಯಿಂದ ಕಣ್ಣು ಎತ್ತಲಿಲ್ಲ. ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲೆ ಹೊಸ ವರ್ಷಕ್ಕೊಮ್ಮೆ ಫೋನು ಮಾಡಿದಳು, ಚಂದ್ರನ ಹಬ್ಬಕ್ಕೆ ಮಾಡಬೇಕೆಂದುಕೊಂಡು ಬಿಟ್ಟಳು. ಅವರಿಗೆ ಯಕೃತ್ತಿನ ಕಾಯಿಲೆ, ಕೈಮೀರಿದೆಯಂತೆ ಎಂಬ ಸುದ್ದಿ ಬಂದಾಗಲೂ ಹೋಗಲಿಲ್ಲ. ಅವರಿಗೆ ತನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡಳು. ಅವರ ಮೇಲೆಯೇ ಸಿಟ್ಟು ಹೊರಿಸಿ ಮನೆಯಲ್ಲಿ ಕೂರುವುದು ಸುಲಭವಾಗಿತ್ತು.

ಮರು ವರ್ಷದ ಅಕ್ಟೋಬರಿನಲ್ಲಿ ಹೊಸ ಗಿರಾಕಿಯೊಬ್ಬ ಅವಳ ನಿಯಂತ್ರಕವನ್ನು ಕೊಂಡು, ಅದಕ್ಕೆ ಪರದೇಶದ ಬೇರೆ ಕಂಪನಿಯ ಚಿಪ್ಪನ್ನು ಜೋಡಿಸಿದ. ಅದೇ ದೂರು ಮತ್ತೆ ಬಂತು, ಬಾಲ ಕತ್ತರಿಸಿದ ಸಾಲುಗಳು. ಅವಳು ಅಲೆ ಹಿಡಿದು ನೋಡಿದಳು. ಪರದೇಶದ ಚಿಪ್ಪಿನ ತಂತಿಯೂ ಕೊನೆಯಲ್ಲಿ ಇಳಿದು, ಎದ್ದು, ಇಳಿದು, ಎದ್ದು, ಆಮೇಲೆ ಮಲಗುತ್ತಿತ್ತು. ಥೇಟ್ ಚುಂಗ್ ಅವರದರ ಹಾಗೆ.

ಕಪಾಟಿನಿಂದ, ಕಾಲು ಅರ್ಧಕ್ಕಿಳಿಸಿದ ಆ ಒಪ್ಪಂದದ ಪ್ರತಿ ತೆಗೆದಳು. ತಂತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದವಳು, ಪಟ್ಟಿಯ ಕೆಳಗಿನ ಸಣ್ಣ ಅಕ್ಷರದ ಪ್ಯಾರಾವನ್ನು ಒಮ್ಮೆಯೂ ನೆಟ್ಟಗೆ ಓದಿರಲಿಲ್ಲ. ಅಲ್ಲಿ ಬರೆದಿತ್ತು: ಕೇಬಲ್ಲಿನ ಆ ಕಡೆಯವನು ನಿಲ್ಲಿಸಿದ ಮೇಲೂ, ಅವನು ಆಡಿದ ಕೊನೆಯ ಮಾತುಗಳು ಈ ಚಿಪ್ಪಿನ ಹೊಟ್ಟೆಯಲ್ಲಿ ಸ್ವಲ್ಪ ಉಳಿದಿರುತ್ತವೆ. ಅವು ಮುಗಿಯುವ ತನಕ ತಂತಿ ಇಳಿದು ಏಳುತ್ತಿರುತ್ತದೆ. ಕೇಬಲ್ ಮೌನವಾಯಿತು ಎಂದು ಇಳಿಯುತ್ತದೆ, ಹೇಳುವುದು ಇನ್ನೂ ಇದೆ ಎಂದು ಏಳುತ್ತದೆ. ಕೇಳುವವನು ಮೊದಲ ಸಲ ಇಳಿದದ್ದಕ್ಕೇ ಕಿವಿ ಮುಚ್ಚಬಾರದು.

ಕಳಿಸುವ ಕಂಪ್ಯೂಟರು, ಕೇಳುವ ಚಿಪ್ಪು ಎರಡರ ಗಡಿಯಾರವೂ ಹೆಚ್ಚುಕಡಿಮೆ ಒಂದೇ ಸಮ ಓಡಿದರೆ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ತಪ್ಪು ಕಾಣುವುದಿಲ್ಲ. ಅದಕ್ಕೇ ಕೆಲವು ಕಂಪ್ಯೂಟರಿನಿಂದ ಮಾತ್ರ ದೂರು ಬಂದದ್ದು. ತಂತಿ ನಡುಗುತ್ತಿರಲಿಲ್ಲ, ಹೇಳುತ್ತಿತ್ತು. ಕಿವಿ ಮುಚ್ಚಿದ್ದು ಅವಳ ಚಿಪ್ಪು. ಹದಿನೆಂಟು ತಿಂಗಳ ಹಿಂದೆ ಅವರು ಬಿಟ್ಟ ವಾಕ್ಯದ ಉಳಿದರ್ಧ ಇದೇ ಎಂದು ಅವಳಿಗೆ ಹೊಳೆಯಿತು, ಮತ್ತು ಅದನ್ನು ಯಾವ ಬಾಯಿ ಕತ್ತರಿಸಿತ್ತೋ ಆ ಬಾಯಿ ತನ್ನದೇ ಎಂದೂ. ಅವಳು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮುಖ ತೊಳೆದು ನೇರ ಕುವೋನ ಕೋಣೆಗೆ ಹೋದಳು.

“ಹಳೇ ಗಾಯ ಯಾಕಮ್ಮ ಕೆರೀತೀಯ?” ಎಂದ ಕುವೋ. “ನಿನ್ನ ಚಿಪ್ಪು ತಿದ್ದು, ಹೊಸ ಗಿರಾಕಿಗೆ ಕೊಡು, ಮುಗೀತು. ಹಳೇ ಗಿರಾಕಿ ಕೇಳಿಯೇ ಇಲ್ಲವಲ್ಲ.”

“ಹಳೇ ವರದೀಲಿ ಚುಂಗಣ್ಣನ ಹೆಸರಿದೆ. ಅದನ್ನ ತೆಗೀಬೇಕು, ನನ್ನ ಹೆಸರು ಹಾಕ್ಬೇಕು. ಮೊದಲಿನ ವರದಿ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ತಿದ್ದುಪಡಿ ಪತ್ರ ಹೋಗ್ಬೇಕು.”

“ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೋತಿದ್ದೀಯ.”

“ಹಾಕ್ಕೋತೀನಿ. ಮೊಹರು ಒತ್ತಿ ಕೊಡಿ.”

ಮೊಹರು ಎಂದರೆ ಒಂದಲ್ಲ, ಮೂರು. ಕುವೋನದು, ಗುಣಮಟ್ಟ ವಿಭಾಗದ್ದು, ಕಂಪನಿಯದು. ಕೆಂಪು ಮೊಹರು ಬೀಳದ ಕಾಗದಕ್ಕೆ ಅಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ. ಅವಳು ಅದೇ ದಿನ ಹತ್ತಿರದ ಊರು ಶಿನ್‌ಪುವಿಗೆ, ಚುಂಗ್ ಅವರ ಮನೆಗೆ, ಫೋನು ಮಾಡಿದಳು. ಎತ್ತಿದವರು ಅವರ ಹೆಂಡತಿ ಲಾನ್‌ಮೇಯ್.

“ಅತ್ತಿಗೆ, ನಾನು ರುಯ್‌ಜು. ಚುಂಗಣ್ಣ ಹೇಗಿದ್ದಾರೆ?”

“ಆಸ್ಪತ್ರೇಲಿದ್ದಾರೆ. ಇರೋ ಹಾಗಿದ್ದಾರೆ ಅಷ್ಟೇ ಕಣೇ. ಮಾತು ಕಮ್ಮಿ. ಮೊದ್ಲೇ ಕಮ್ಮಿ, ಈಗ ಇನ್ನೂ ಕಮ್ಮಿ.” ಲಾನ್‌ಮೇಯ್ ಸಣ್ಣಗೆ ನಕ್ಕಳು. “ಯಾವಾಗ ಬರ್ತೀಯ?”

“ಒಂದು ಕಾಗದ ಬರ್ಬೇಕು ಅತ್ತಿಗೆ. ಅವರಿಗೆ ತೋರಿಸ್ಲೇಬೇಕಾದ ಕಾಗದ. ಅದು ಕೈಗೆ ಬಂದ ಕೂಡ್ಲೆ ಓಡಿ ಬರ್ತೀನಿ.”

“ಕಾಗದ ಯಾಕೆ? ನೀನು ಬಾ.”

“ಬರೀ ಕೈಯಲ್ಲಿ ಯಾವ ಮುಖ ಇಟ್ಕೊಂಡು ಬರ್ಲಿ ಅತ್ತಿಗೆ?”

ಉತ್ತರಕ್ಕೆ ಕಾಯದೆ ರುಯ್‌ಜು ಫೋನು ಇಟ್ಟುಬಿಟ್ಟಳು.

ಮೂರು ಮೊಹರಿಗೆ ಹತ್ತು ದಿನ ಹಿಡಿಯಿತು. ಕುವೋ ಎರಡು ದಿನ ಇರಿಸಿಕೊಂಡ. ಗುಣಮಟ್ಟದವನು ಒಂದು ಪದ ಬದಲಿಸು ಎಂದ, ಬದಲಿಸಿದ ಮೇಲೆ ಮೊದಲಿನದೇ ಚೆನ್ನಾಗಿತ್ತು ಎಂದ. ಕಂಪನಿಯ ಮೊಹರು ಇಟ್ಟುಕೊಂಡಿದ್ದ ಹೆಂಗಸು ಮಗಳ ಮದುವೆಗೆ ತೈನಾನಿಗೆ ಹೋಗಿದ್ದಳು. ರುಯ್‌ಜು ದಿನಾ ಬೆಳಗ್ಗೆ ಹೋಗಿ ಬಾಗಿಲಲ್ಲಿ ನಿಲ್ಲುವಳು. ಯಾರ ಜೊತೆ ಜಗಳವಾಡಬೇಕೋ ಅವರ ಜೊತೆ ಆಡಿದಳು, ಯಾರ ಕಾಲು ಹಿಡಿಯಬೇಕೋ ಹಿಡಿದಳು. ಕಾಗದವಿಲ್ಲದೆಯೇ ಒಂದು ಗಂಟೆ ಬಸ್ಸಿನಲ್ಲಿ ಕೂತು ಹೋಗಿ, ಹಾಸಿಗೆಯ ಪಕ್ಕ ನಿಂತು, ‘ತಪ್ಪು ನನ್ನದು ಚುಂಗಣ್ಣ’ ಎನ್ನಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲವೆಂದಲ್ಲ. ಹೊಳೆಯಿತು. ಆದರೆ ಬಾಯಿ ಮಾತಿಗೆ ಏನು ಬೆಲೆ, ಮೊಹರು ಬಿದ್ದ ಕಾಗದ ಕಣ್ಣಿಂದ ನೋಡಿದರೆ ಅವರ ಜೀವಕ್ಕೆ ಸಮಾಧಾನ ಎಂದುಕೊಂಡಳು. ಹುಟ್ಟಿದಾಗಿನಿಂದ ಮೊಹರನ್ನು ನಂಬಿ ಬೆಳೆದವರ ಬುದ್ಧಿ ಹೀಗೆಯೇ ಓಡುತ್ತದೆ.

ಹತ್ತನೆಯ ದಿನ ಮಧ್ಯಾಹ್ನ ಮೂರನೆಯ ಮೊಹರು ಬಿತ್ತು. ಶಾಯಿ ಆರಲೆಂದು ಊದುತ್ತಲೇ ಅವಳು ಸ್ಕೂಟರ್ ಹತ್ತಿದಳು. ಶಿನ್‌ಪುವಿನಲ್ಲಿ ಒಣಗಾಳಿ ಬೀಸುತ್ತಿತ್ತು. ಮನೆಮನೆಯ ಅಂಗಳದಲ್ಲಿ ಸಿಪ್ಪೆ ತೆಗೆದ ಪರ್ಸಿಮನ್ ಹಣ್ಣುಗಳನ್ನು ಬಿದಿರಿನ ಮೊರಗಳಲ್ಲಿ ಸಾಲಾಗಿ ಒಣಗಲು ಇಟ್ಟಿದ್ದರು. ಮೊದಲು ಆಸ್ಪತ್ರೆಗೆ ಹೋಗಿ ಕೇಳಿದಾಗ ಅವರನ್ನು ನಿನ್ನೆಯೇ ಮನೆಗೆ ಕರೆದೊಯ್ದರು ಎಂದಿದ್ದರು. ಕೊನೆಯ ಉಸಿರು ಮನೆಯಲ್ಲೇ ಹೋಗಲಿ ಎಂದು ಕರೆದೊಯ್ಯುತ್ತಾರೆ; ಅದು ಗೊತ್ತಿದ್ದೂ ಅವಳು, ಹುಷಾರಾಗಿರಬೇಕು ಎಂದುಕೊಂಡೇ ಸ್ಕೂಟರ್ ಓಡಿಸಿದಳು.

ಬಾಗಿಲಿಗೆ ಸಾವಿನ ಮನೆಯ ಬಿಳಿ ಕಾಗದ ಅಂಟಿಸಿದ್ದರು. ಒಳಗಿನಿಂದ ಅಮಿತಾಭ ಬುದ್ಧನ ಹೆಸರನ್ನು ಏಳೆಂಟು ದನಿಗಳು ಒಂದೇ ರಾಗದಲ್ಲಿ ಹೇಳುತ್ತಿದ್ದವು. ಅವಳು ಅಂಗಳದಲ್ಲೇ, ಮೊರದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು, ಕೈಯಲ್ಲಿ ಕಾಗದದ ಲಕೋಟೆ.

ಲಾನ್‌ಮೇಯ್ ಹೊರಗೆ ಬಂದಳು. ಕಣ್ಣು ಒಣಗಿತ್ತು.

“ಬಂದ್ಯಾ,” ಎಂದಳು. “ಬೆಳಗ್ಗೆ ಹತ್ತೂವರೆಗೆ ಹೋದ್ರು.”

“ಅತ್ತಿಗೆ, ತಪ್ಪು ನಂದು. ಅವರದು ಸರಿ ಇತ್ತು. ನೋಡಿ, ಬರ್ಸಿದ್ದೀನಿ, ಮೊಹರು...” ರುಯ್‌ಜು ಲಕೋಟೆಯನ್ನು ಎತ್ತಿ ಹಿಡಿದಳು. ಅದರ ಮೇಲೆಯೇ ಅವಳಿಗೆ ಅಸಹ್ಯ ಹುಟ್ಟಿತು.

“ಗೊತ್ತಮ್ಮ. ಅವರಿಗೂ ಗೊತ್ತಿತ್ತು, ಅವತ್ತಿಂದ್ಲೇ. ಯಾಕ್ರೀ ಹೇಳ್ಲಿಲ್ಲ ಅಂತ ನಾನು ಎಷ್ಟು ಸಲ ಕಿತ್ತಾಡಿದ್ದೀನಿ ಅವರ ಹತ್ರ. ಏನಂತಿದ್ರು ಗೊತ್ತಾ? ‘ಆಜುಗೆ ಗೊತ್ತಾಗುತ್ತೆ’ ಅನ್ನೋರು. ನಾನು ಮುಗೀತು ಅಂದ್ಕೊಂಡು ಅಡಿಗೆ ಮನೆಗೆ ಹೋಗಿ ಅರ್ಧ ಸೊಪ್ಪು ಹೆಚ್ಚಿರ್ತಿದ್ದೆ, ಆಗ ಕೂಗಿ ಹೇಳೋರು, ‘ಆಮೇಲೆ ಅವಳೇ ಬಂದು ಕೇಳ್ತಾಳೆ’ ಅಂತ.”

“ಕಾಯ್ತಿದ್ರಾ?”

“ಕಾಯ್ತಿದ್ರು.” ಲಾನ್‌ಮೇಯ್‌ಗೆ ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸವಿರಲಿಲ್ಲ. “ನೀನು ಫೋನ್ ಮಾಡಿದ ದಿನ ಹೇಳ್ದೆ, ಬರ್ತಾಳಂತೆ ಅಂತ. ಆವತ್ತಿಂದ ಬಾಗಿಲ ಕಡೆ ಮುಖ ಮಾಡಿ ಮಲಗಿಸು ಅಂದ್ರು.”

ರುಯ್‌ಜುವಿನ ಗಂಟಲಿನಿಂದ ಒಂದು ದನಿ ಹೊರಟಿತು. ಲಾನ್‌ಮೇಯ್ ತಟ್ಟನೆ ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು.

“ಅಳಬೇಡ. ಎಂಟು ಗಂಟೆ ಕಾಲ ಯಾರೂ ಅಳೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಉಸಿರು ಹೋಗಿದೆ ಅಷ್ಟೇ, ಕಿವಿ ಇನ್ನೂ ಹೋಗಿಲ್ಲ. ಆರೂವರೆ ತನಕ ಕೇಳಿಸ್ಕೋತಾರೆ. ಹೇಳೋದಿದ್ರೆ ಒಳಗೆ ಹೋಗಿ ಹೇಳು.”

“ನಿಜವಾಗ್ಲೂ ಕೇಳ್ಸುತ್ತಾ ಅತ್ತಿಗೆ?”

“ನಂಗೇನು ಗೊತ್ತೇ? ನಾನು ಬೆಳಗ್ಗೆಯಿಂದ ಹೇಳ್ತಾನೇ ಇದ್ದೀನಿ.”

ನಡುಮನೆಯಲ್ಲಿ ಹಳದಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಕರಿ ನಿಲುವಂಗಿ ತೊಟ್ಟ ಊರಿನ ಹೆಂಗಸರು ಎರಡು ಸಾಲಾಗಿ ಕೂತು ಜಪ ಮಾಡುತ್ತಿದ್ದರು. ಲಾನ್‌ಮೇಯ್ ಕೈಸನ್ನೆ ಮಾಡಿದ ಮೇಲೆ ದನಿ ತಗ್ಗಿಸಿದರು. ರುಯ್‌ಜು ತಲೆಯ ಹತ್ತಿರ ಮಂಡಿಯೂರಿದಳು. ಮುಖ ಬಾಗಿಲ ಕಡೆಗೇ ತಿರುಗಿತ್ತು.

ಅವಳು ಕಾಗದ ಬಿಚ್ಚಿ ಓದಿದಳು. ದಿನಾಂಕ, ಕಡತದ ಸಂಖ್ಯೆ, ಚಿಪ್ಪಿನ ಸಂಖ್ಯೆ. ಸಾವಿನ ಮನೆಯಲ್ಲಿ ಯಾರೂ ಓದದ ಮಾತುಗಳು. “ಹಿಂದಿನ ವರದಿಯಲ್ಲಿ ಹೇಳಿದ ದೋಷ ಕೇಬಲ್ ಕಡೆಯ ಚಿಪ್ಪಿನದಲ್ಲ. ಆ ಚಿಪ್ಪು ಒಪ್ಪಂದಕ್ಕೆ ಅನುಗುಣವಾಗಿಯೇ ಇತ್ತು. ಅದರ ವಿನ್ಯಾಸ, ಚುಂಗ್ ಗುವಾಂಗ್‌ಯಾವೋ. ತಂತಿ ಮೊದಲ ಸಲ ಇಳಿದೊಡನೆ ನಿಯಂತ್ರಕವು ಕೇಳುವುದನ್ನು ನಿಲ್ಲಿಸಿದ್ದೇ ದೋಷ. ಅದರ ವಿನ್ಯಾಸ, ಪೆಂಗ್ ರುಯ್‌ಜು.” ತನ್ನ ಹೆಸರು ಬಂದಾಗ ಉಗುರಿನಿಂದ ತೊಡೆಯನ್ನು ಒತ್ತಿ ಹಿಡಿದು ಕೊನೆಯ ಸಾಲಿನ ತನಕ, ಮೂರು ಮೊಹರಿನ ಹೆಸರಿನ ತನಕ ಓದಿದಳು. ಆಮೇಲೆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು. ಇನ್ನು ಅದರಿಂದ ಏನೂ ಆಗಬೇಕಾಗಿರಲಿಲ್ಲ.

“ಚುಂಗಣ್ಣ,” ಎಂದಳು. “ಅವತ್ತು ಸಭೇಲಿ ನೀವು ‘ತಂತಿ ಇಳಿದಾಗ’ ಅಂದ್ರಿ. ನಾನು ಮಧ್ಯೆ ಬಾಯಿ ಹಾಕ್ದೆ. ಈಗ ಕೇಳ್ತಾ ಇದ್ದೀನಿ. ತಂತಿ ಇಳಿದಾಗ... ಆಮೇಲೆ?”

ಕೇಳಿ ಕಾದು ಕೂತಳು. ಹೆಂಗಸರ ಜಪ ಮತ್ತೆ ಏರಿತು. ಕಿಟಕಿಯಾಚೆ ಗಾಳಿಗೆ ಮೊರಗಳು ಕಟಕಟ ಎನ್ನುತ್ತಿದ್ದವು. ಯಾರೋ ಬಿಸಿ ಚಹಾ ತಂದು ಅವಳ ಪಕ್ಕದಲ್ಲಿಟ್ಟು ಹೋದರು. ಅವಳು ಮುಟ್ಟಲಿಲ್ಲ, ಅದು ಆರಿತು. ಬಿಸಿಲು ಹೊಸ್ತಿಲಿಂದ ಹಿಂದೆ ಸರಿದು ಅಂಗಳ ದಾಟಿ ಹೋಯಿತು. ಮಂಡಿ ಜೋಮು ಹಿಡಿದರೂ ಅವಳು ಅಲುಗಲಿಲ್ಲ, ಕಣ್ಣು ಅವರ ಮುಖದಿಂದ ತೆಗೆಯಲಿಲ್ಲ.

ಆರೂವರೆಗೆ ಜಪ ನಿಂತಿತು. ಹೆಂಗಸರು ನಿಲುವಂಗಿಯ ಗುಂಡಿ ಬಿಚ್ಚುತ್ತಾ ಒಬ್ಬೊಬ್ಬರಾಗಿ ಎದ್ದರು. ಲಾನ್‌ಮೇಯ್ ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು. ಈಗ ದನಿ ಪೂರಾ ಒದ್ದೆಯಾಗಿತ್ತು.

“ಎಂಟು ಗಂಟೆ ಆಯ್ತು ಆಜು. ಇನ್ನು ಅಳಬಹುದು.”

ರುಯ್‌ಜು ತಿರುಗಲಿಲ್ಲ.

“ಒಂಚೂರು ತಾಳಿ ಅತ್ತಿಗೆ,” ಎಂದಳು. “ಅವರ ಮಾತು ಮುಗೀತೋ ಇಲ್ವೋ.”